ಬಿಎಸ್-6 ಡೀಸೆಲ್ ಪಿಕಪ್: ದಾವಣಗೆರೆ ಸೀಮೆಯಲ್ಲಿ ದೀರ್ಘ ಬಳಕೆಯ ನಂತರದ ವಿಮರ್ಶೆ

ಸಣ್ಣ ಪಿಕಪ್‌ಗೆ ಡೀಸೆಲ್ ಎಂಜಿನ್ ಬೇಕೇ ಎಂದು ಹದಿನೈದು ವರ್ಷಗಳ ಹಿಂದೆ ದಾವಣಗೆರೆಯ ಎಪಿಎಂಸಿ ಆವರಣದಲ್ಲಿ ಯಾರನ್ನಾದರೂ ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಸರಕು ಹೊರುವ ಗಾಡಿ ಎಂದರೆ ಡೀಸೆಲ್ ಗಾಡಿಯೇ ಆಗಿತ್ತು. 2005ರಲ್ಲಿ ಬಂದ ಟಾಟಾ ಏಸ್ 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಬಲದಿಂದಲೇ ತ್ರಿಚಕ್ರದ ಗೂಡ್ಸ್ ಆಟೋಗಳ ಜಾಗವನ್ನು ಹಿಡಿಯಿತು. ಮಾರುತಿ ಸುಜುಕಿ ಕೂಡ 2016ರಲ್ಲಿ ತನ್ನ ಸೂಪರ್ ಕ್ಯಾರಿಯನ್ನು ಮೊದಲು ತಂದದ್ದು 793 ಸಿಸಿಯ ಡೀಸೆಲ್‌ನಲ್ಲಿಯೇ. ಆದರೆ 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಹೊತ್ತಿಗೆ ಆ ಕಂಪನಿ ಡೀಸೆಲ್ ಎಂಜಿನ್ನನ್ನೇ ಕೈಬಿಟ್ಟಿತು. ಇಂದು ಅದೇ ಗಾಡಿ ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ ಸಿಗುತ್ತದೆ. ಹೀಗಾಗಿ ಈ ಪ್ರಶ್ನೆಯನ್ನು ಈಗ ನಗದೆ ಕೇಳಿಕೊಳ್ಳಬೇಕಾಗಿದೆ.

ನಾನು ಬಿಎಸ್-6 ಜಾರಿಯಾದ ಮೇಲೆ ಕೊಂಡ, ಒಂದೂವರೆ ಲೀಟರ್ ದರ್ಜೆಯ ಟರ್ಬೊ ಡೀಸೆಲ್ ಪಿಕಪ್ಪನ್ನು ಪಶು ಆಹಾರ ಮತ್ತು ಗೊಬ್ಬರದ ವ್ಯಾಪಾರಕ್ಕೆ ಬಳಸುತ್ತಿದ್ದೇನೆ. ದಾವಣಗೆರೆಯಿಂದ ಹಿಂಡಿ, ಬೂಸಾ, ಗೊಬ್ಬರದ ಚೀಲಗಳು ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯ ಹಳ್ಳಿಗಳಿಗೆ ಹೋಗುತ್ತವೆ. ಸುಗ್ಗಿಯಲ್ಲಿ ಮರಳಿ ಬರುವಾಗ ಮೆಕ್ಕೆಜೋಳ ತುಂಬುತ್ತೇವೆ. ನಮ್ಮ ಭಾವನವರಿಗೆ ಮಂಡಕ್ಕಿ ಭಟ್ಟಿ ಇದ್ದು, ಅವರು ಊರೊಳಗಿನ ಅಂಗಡಿಗಳಿಗೆ ಮಾಲು ಹಾಕಲು 1.2 ಲೀಟರಿನ ಪೆಟ್ರೋಲ್ ಮಿನಿ ಟ್ರಕ್ ಇಟ್ಟುಕೊಂಡಿದ್ದಾರೆ. ಒಬ್ಬರ ಗಾಡಿ ವರ್ಕ್‌ಶಾಪಿಗೆ ಹೋದಾಗ ಇನ್ನೊಬ್ಬರದನ್ನು ಬಳಸುವುದು ನಮ್ಮಲ್ಲಿ ರೂಢಿಯಾದ್ದರಿಂದ ಎರಡನ್ನೂ ಎರಡೂ ಬಗೆಯ ಕೆಲಸದಲ್ಲಿ ನೋಡುವ ಅವಕಾಶ ನನಗೆ ಸಿಕ್ಕಿದೆ. ಕಂಪನಿಗಳ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಮುಂದೆ ಹೇಳುವ ಗುಣದೋಷಗಳು ಒಂದು ಕಂಪನಿಯವಲ್ಲ, ಆ ತಂತ್ರಜ್ಞಾನದವು.

ಮೊದಲು ಡೀಸೆಲ್‌ಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಬೇಕು. ದಾವಣಗೆರೆಯಿಂದ ಆನಗೋಡು, ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ ಕಾರಿನವರಿಗೆ ಸಮತಟ್ಟಾಗಿ ಕಂಡರೂ, ಹನ್ನೆರಡು ಹದಿಮೂರು ಕ್ವಿಂಟಲ್ ಹೇರಿಕೊಂಡ ಗಾಡಿಗೆ ಅದರ ಒಂದೊಂದು ಏರೂ ಗೊತ್ತಾಗುತ್ತದೆ. ಈ ದರ್ಜೆಯ ಡೀಸೆಲ್ ಎಂಜಿನ್ 1,800 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸುಮಾರಿಗೇ 140 ನ್ಯೂಟನ್ ಮೀಟರಿನಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ, 1.2 ಲೀಟರಿನ ಪೆಟ್ರೋಲ್ ಎಂಜಿನ್ ಸುಮಾರು 3,000 ಆರ್‌ಪಿಎಂಗೆ ಏರಿದ ಮೇಲೂ ಕೊಡುವುದು 105ರ ಆಸುಪಾಸು. ಕಾಗದದ ಮೇಲಿನ ಈ ಅಂಕಿ ರಸ್ತೆಯಲ್ಲಿ ಕಾಣುವುದು ಹೀಗೆ: ಏರು ಬಂದಾಗ ನನ್ನ ಗಾಡಿಯ ಚಾಲಕ ನಾಲ್ಕನೇ ಗೇರಿನಲ್ಲೋ ಮೂರರಲ್ಲೋ ಆಕ್ಸಿಲರೇಟರನ್ನು ತುಸು ಒತ್ತಿ ಸಾಗುತ್ತಾನೆ, ಪೆಟ್ರೋಲ್ ಗಾಡಿಯಲ್ಲಾದರೆ ಕಡಿಮೆ ಭಾರವಿದ್ದಾಗಲೂ ಎರಡನೇ ಗೇರಿಗೆ ಇಳಿಸಿ ಎಂಜಿನ್ನನ್ನು ಕಿರುಚಿಸಬೇಕಾಗುತ್ತದೆ. ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಿಗೆ ಇಳಿಯುವ ಮಣ್ಣಿನ ದಾರಿಯಲ್ಲಿ, ಮಳೆ ಬಿದ್ದ ಮರುದಿನ, ಕ್ಲಚ್ಚನ್ನು ಸುಡದೆ ನಿಧಾನವಾಗಿ ತೆವಳಿಕೊಂಡು ಮೇಲೆ ಬರಲು ಡೀಸೆಲ್‌ಗೆ ಮಾತ್ರ ಸಾಧ್ಯವೆಂಬುದು ನನ್ನ ಅಭಿಪ್ರಾಯ.

ಇಂಧನದ ಉಳಿತಾಯಕ್ಕೂ ಕಾರಣವಿದೆ. ಡೀಸೆಲ್ ಎಂಜಿನ್ ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದ ಬಿಸಿಯಲ್ಲೇ ಇಂಧನ ಹೊತ್ತಿಕೊಳ್ಳುವಂತೆ ಮಾಡುವುದರಿಂದ ಇಂಧನದಲ್ಲಿರುವ ಶಕ್ತಿಯಲ್ಲಿ ಪೆಟ್ರೋಲ್ ಎಂಜಿನ್ನಿಗಿಂತ ಹೆಚ್ಚಿನ ಪಾಲು ಚಕ್ರಕ್ಕೆ ತಲುಪುತ್ತದೆ. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಮಿಕ್ಕಿ ಶಕ್ತಿ ಅಡಗಿರುತ್ತದೆ. ಈಚೆಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುತ್ತಿರುವುದರಿಂದ ಈ ಅಂತರ ಇನ್ನೂ ಹಿಗ್ಗಿದೆ, ಏಕೆಂದರೆ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆ ಎಥೆನಾಲ್‌ನ ದೊಡ್ಡ ಭಾಗ ಮೆಕ್ಕೆಜೋಳದಿಂದ ಬರುತ್ತಿದೆ. ಅದರ ಬೇಡಿಕೆಯಿಂದ ಜೋಳದ ವ್ಯಾಪಾರಕ್ಕೆ ಸಿಕ್ಕಿದ್ದನ್ನು ಪಶು ಆಹಾರದ ದರದಲ್ಲಿ ಕಳೆದುಕೊಳ್ಳುವವರಲ್ಲಿ ನಾನೂ ಒಬ್ಬ ಎಂಬುದು ಬೇರೆ ಮಾತು.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಡೀಸೆಲ್ 91 ರೂಪಾಯಿ, ಪೆಟ್ರೋಲ್ 103 ರೂಪಾಯಿಯ ಆಸುಪಾಸಿನಲ್ಲಿದ್ದಾಗ ಬರೆದಿಟ್ಟ ಲೆಕ್ಕವಿದು. ತುಂಬಿದ ಲೋಡಿನಲ್ಲಿ ಹೆದ್ದಾರಿಯಲ್ಲಿ ನನ್ನ ಗಾಡಿ ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ, ಅಂದರೆ ಕಿಲೋಮೀಟರಿಗೆ ಸುಮಾರು 6 ರೂಪಾಯಿ. ಪೆಟ್ರೋಲ್ ಗಾಡಿ ಅದೇ ದಾರಿಯಲ್ಲಿ ತನ್ನ ಮಿತಿಯಷ್ಟು, ಅಂದರೆ ಮುಕ್ಕಾಲು ಟನ್ನಿನಷ್ಟು, ಹೊತ್ತು 11 ಕಿಲೋಮೀಟರ್ ಓಡುತ್ತದೆ. ಅಲ್ಲಿಗೆ ಕಿಲೋಮೀಟರಿಗೆ 9 ರೂಪಾಯಿ 40 ಪೈಸೆಯಾಯಿತು. ಹೊಗೆಯನ್ನು ಶುದ್ಧಗೊಳಿಸುವ ಡಿಇಎಫ್ ದ್ರವ ಮತ್ತು ಸರ್ವಿಸಿನ ಹೆಚ್ಚುವರಿ ವೆಚ್ಚಕ್ಕೆಂದು 50 ಪೈಸೆ ತೆಗೆದರೂ ಕಿಲೋಮೀಟರಿಗೆ 2 ರೂಪಾಯಿ 80 ಪೈಸೆ ಉಳಿಯುತ್ತದೆ. ಎರಡು ಗಾಡಿಗಳ ಕೊಳ್ಳುವ ಬೆಲೆಯಲ್ಲಿ 2 ಲಕ್ಷದ ವ್ಯತ್ಯಾಸವಿದೆ ಎಂದಿಟ್ಟುಕೊಂಡರೆ ಸುಮಾರು 71,000 ಕಿಲೋಮೀಟರಿನಲ್ಲಿ ಅದು ಹುಟ್ಟುತ್ತದೆ, ದಿನಕ್ಕೆ ನೂರು ಕಿಲೋಮೀಟರ್ ಓಡುವವನಿಗೆ ಎರಡೂವರೆ ವರ್ಷ ಸಾಕು. ಡೀಸೆಲ್ ಗಾಡಿ ಹೆಚ್ಚು ಕ್ವಿಂಟಲ್ ಹೊರುವುದನ್ನೂ ಸೇರಿಸಿದರೆ ಉಳಿತಾಯ ಇನ್ನೂ ದೊಡ್ಡದು.

ಇದೇ ಲೆಕ್ಕವನ್ನು ಮಂಡಕ್ಕಿಗೆ ಹಾಕಿ ನೋಡಿ. ಮಂಡಕ್ಕಿಯ ಚೀಲಗಳು ಕ್ಯಾಬಿನ್ನಿನ ತಲೆಯ ಮೇಲೆ ಎರಡಾಳು ಎತ್ತರಕ್ಕೆ ಪೇರಿಸಿದರೂ ಆಕ್ಸಲ್ ಬಾಗುವುದಿಲ್ಲ. ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ಮಂಡಿಪೇಟೆಯ ಸಂದಿಗಳಲ್ಲಿ ಅಂಗಡಿಯಿಂದ ಅಂಗಡಿಗೆ ನಿಂತು ನಿಂತು ಹೋಗುವ ಆ ಕೆಲಸದಲ್ಲಿ ನನ್ನ ಡೀಸೆಲ್ ಗಾಡಿ 14, ಅವರ ಪೆಟ್ರೋಲ್ ಗಾಡಿ 13 ಕಿಲೋಮೀಟರ್ ಕೊಟ್ಟವು. ಡೀಸೆಲ್ ಗಾಡಿಯ ಸ್ವಂತ ತೂಕವೇ ಹೆಚ್ಚು, ಮೇಲಾಗಿ ಅದು ಹೊಗೆ ಕೊಳವೆಯ ಸೋಸುಕದಲ್ಲಿ ಕೂತ ಮಸಿ ಸುಡಲು ಇಂಧನವನ್ನು ವ್ಯಯಿಸುತ್ತದೆ. ಖರ್ಚು ಕಳೆದು ಕಿಲೋಮೀಟರಿಗೆ ಉಳಿಯುವುದು 90 ಪೈಸೆ ಮಾತ್ರ. 2 ಲಕ್ಷ ರೂಪಾಯಿ ಹುಟ್ಟಬೇಕಾದರೆ 2 ಲಕ್ಷದ 20 ಸಾವಿರ ಕಿಲೋಮೀಟರ್ ಓಡಬೇಕು. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡುವ ಗಾಡಿಯ ಆಯುಸ್ಸು ಅಷ್ಟರೊಳಗೆ ಮುಗಿದಿರುತ್ತದೆ. ಆದ್ದರಿಂದ ಡೀಸೆಲ್ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದದ್ದು ಗಾಡಿಯ ಜಾತಿ ನೋಡಿ ಅಲ್ಲ. ಬೆನ್ನ ಮೇಲೆ ಎಷ್ಟು ತೂಕವಿದೆ, ಎಂಜಿನ್ ಬಿಸಿಯಾದ ಮೇಲೆ ನಿಲ್ಲದೆ ಎಷ್ಟು ದೂರ ಓಡುತ್ತದೆ ಎಂಬ ಎರಡನ್ನು ನೋಡಿ.

ಹಿಂದೆ ಈ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ, ಏಕೆಂದರೆ ಸರ್ಕಾರವೇ ಅದನ್ನು ಡೀಸೆಲ್ ಪರವಾಗಿ ಬರೆದಿಟ್ಟಿತ್ತು. 2012ರ ಬೇಸಿಗೆಯಲ್ಲಿ ಎರಡೂ ಇಂಧನಗಳ ನಡುವೆ ಲೀಟರಿಗೆ 30 ರೂಪಾಯಿಗೂ ಮಿಕ್ಕಿದ ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಅದು ಕರಗಿತು. ನಮ್ಮ ರಾಜ್ಯವೂ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡಾ 18.44ಕ್ಕೂ 2025ರ ಏಪ್ರಿಲ್‌ನಲ್ಲಿ ಶೇಕಡಾ 21.17ಕ್ಕೂ ಏರಿಸಿತು. ನಾನು ಲೆಕ್ಕ ಬರೆದಿಟ್ಟಾಗ ಉಳಿದಿದ್ದದ್ದು 12 ರೂಪಾಯಿಯ ಅಂತರ. ಇದೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ: ಅಲ್ಲಿ ಕೇಂದ್ರ ತೆರಿಗೆಯೇ ಪೆಟ್ರೋಲಿಗೆ ಗ್ಯಾಲನ್‌ಗೆ 18.4 ಸೆಂಟ್, ಡೀಸೆಲ್‌ಗೆ 24.4 ಸೆಂಟ್, ಪಂಪಿನಲ್ಲಿಯೂ ಸಾಮಾನ್ಯವಾಗಿ ಡೀಸೆಲ್ಲೇ ದುಬಾರಿ. ಫೋರ್ಡ್ 2018ರಲ್ಲಿ ತನ್ನ ಎಫ್-150 ಪಿಕಪ್‌ಗೆ ತಂದ 3 ಲೀಟರ್ ಡೀಸೆಲ್ಲನ್ನು 2021ರಲ್ಲಿ ನಿಲ್ಲಿಸಿತು, ರ‍್ಯಾಮ್ 1500ರ ಇಕೋಡೀಸೆಲ್ 2023ರಲ್ಲಿ ನಿಂತಿತು.

ನಮ್ಮಲ್ಲಿ ಡೀಸೆಲ್ ಗಾಡಿಯ ನಿಜವಾದ ತಲೆನೋವು ದರದ್ದಲ್ಲ, ಹೊಗೆ ಕೊಳವೆಯದು. ಬಿಎಸ್-6 ಡೀಸೆಲ್‌ನಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಸೋಸುಕ ಇರುತ್ತದೆ. ಅದರಲ್ಲಿ ಕೂತ ಮಸಿಯನ್ನು ಆಗಾಗ ಸುಟ್ಟು ಹಾಕಬೇಕು, ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಚಿತ್ರದುರ್ಗಕ್ಕೆ ಹೋಗಿ ಬರುವ ದಿನ ಈ ಕೆಲಸ ಯಾರ ಗಮನಕ್ಕೂ ಬಾರದೆ ಮುಗಿದುಹೋಗುತ್ತದೆ. ಆದರೆ ಗಾಡಿಯನ್ನು ಒಂದು ವಾರ ಊರೊಳಗೇ ಓಡಿಸಿದರೆ ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತುತ್ತದೆ. ನಿಂತಲ್ಲೇ ಎಂಜಿನ್ನಿನ ಸದ್ದು ತುಸು ಏರುತ್ತದೆ, ಕೀಲಿ ತೆಗೆದ ಮೇಲೂ ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಡಿಯ ಕೆಳಗಿನಿಂದ ಕಾದ ಕಬ್ಬಿಣದ ವಾಸನೆ ಬರುತ್ತದೆ. ಆ ಹೊತ್ತಿನಲ್ಲಿ ಚಾಲಕ ಎಂಜಿನ್ ಬಂದ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಪದೇ ಪದೇ ಹಾಗಾದರೆ ದೀಪ ಕೆಂಪಾಗಿ ಗಾಡಿ ಎಳೆಯುವುದನ್ನೇ ಬಿಡುತ್ತದೆ.

ಒಮ್ಮೆ ಹೀಗೆ ಶಕ್ತಿ ಕಳೆದುಕೊಂಡ ಗಾಡಿಯನ್ನು ಒಂದು ಸರ್ವಿಸ್ ಸೆಂಟರಿಗೆ ಒಯ್ದಾಗ, ಸೋಸುಕವನ್ನೇ ಬದಲಿಸಬೇಕೆಂದು ಎದೆ ಒಡೆಯುವಂತಹ ಅಂದಾಜು ಪಟ್ಟಿಯನ್ನು ಕೈಗಿತ್ತರು. ಬೇರೊಬ್ಬ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ, ಗಾಡಿ ನಿಲ್ಲಿಸಿದಲ್ಲೇ ಮಸಿ ಸುಡುವ ಆಜ್ಞೆ ಕೊಟ್ಟು, ಒಂದು ಗಂಟೆಯೊಳಗೆ ಸರಿ ಮಾಡಿದರು. ಮಸಿ ಸುಡುತ್ತದೆ, ಆದರೆ ಎಂಜಿನ್ ಆಯಿಲಿನಿಂದ ಬರುವ ಬೂದಿ ಸುಡುವುದಿಲ್ಲ, ಅದು ಸೋಸುಕದಲ್ಲೇ ಉಳಿಯುತ್ತದೆ ಎಂಬ ತಿಳಿವಳಿಕೆಯನ್ನೂ ಅವರಿಂದಲೇ ಪಡೆದೆ. ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿಸಬೇಕೆನ್ನುವುದು ಇದೇ ಕಾರಣಕ್ಕೆ. ಟ್ರ್ಯಾಕ್ಟರಿಗೆ ತಂದ ಆಯಿಲಿನಲ್ಲಿ ಉಳಿದದ್ದನ್ನು ಪಿಕಪ್‌ಗೂ ಸುರಿಯುವ ನಮ್ಮ ಕಡೆಯ ಅಭ್ಯಾಸ ಈ ಎಂಜಿನ್‌ಗಳಿಗೆ ಒಗ್ಗುವುದಿಲ್ಲ.

ಸುಗ್ಗಿಯ ಕಾಲದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಮೆಕ್ಕೆಜೋಳದ ಕಣದಲ್ಲಿ ನೆಲದ ತುಂಬ ಒಣ ರವದಿ ಹರಡಿರುತ್ತದೆ. ಮಸಿ ಸುಡುತ್ತಿರುವ ಗಾಡಿಯನ್ನು ಅದರ ಮೇಲೆ ನಿಲ್ಲಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದ ನಮ್ಮ ಚಾಲಕ ಈಗ ಕಣದ ಹೊರಗೆ, ಬರಿ ನೆಲದ ಮೇಲೆ ಗಾಡಿ ನಿಲ್ಲಿಸುತ್ತಾನೆ. ಹಮಾಲರು ನಾಲ್ಕು ಹೆಜ್ಜೆ ಹೆಚ್ಚು ಹೊರಬೇಕಾಗುತ್ತದೆಂದು ಗೊಣಗುತ್ತಾರೆ, ಅವರ ಗೊಣಗಾಟ ನ್ಯಾಯವಾದದ್ದೇ, ಆದರೂ ಬೇರೆ ದಾರಿಯಿಲ್ಲ.

ಡಿಇಎಫ್ ವಿಷಯದಲ್ಲಿ ಗೊಬ್ಬರದ ಅಂಗಡಿಯವನಾಗಿ ನಾನು ಒಂದು ಮಾತು ಹೇಳಲೇಬೇಕು. ಕೆಲವು ಸಣ್ಣ ಪಿಕಪ್‌ಗಳು ಈ ದ್ರವವಿಲ್ಲದೆಯೇ ಬೇರೆ ಬಗೆಯ ಕ್ಯಾಟಲಿಸ್ಟಿನಿಂದ (ಹೊಗೆಯ ವಿಷಾನಿಲವನ್ನು ಮಾರ್ಪಡಿಸಲು ನೆರವಾಗುವ ಭಾಗ) ಕೆಲಸ ಸಾಗಿಸುತ್ತವೆ. ನನ್ನದರಲ್ಲಿ ಈ ದ್ರವ ಇದೆ. ಶೇಕಡಾ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜಗಳನ್ನು ತೆಗೆದ ನೀರು, ಇಷ್ಟೇ ಅದರ ಪಾಕ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳನ್ನು ಅದು ನಿರಪಾಯಕಾರಿ ನೈಟ್ರೋಜನ್ ಮತ್ತು ನೀರಾಗಿ ಮಾರ್ಪಡಿಸುತ್ತದೆ. ಇದನ್ನು ಎಲ್ಲಿಂದಲೋ ಕೇಳಿ ತಿಳಿದ ಗಾಡಿಯವರು ನನ್ನ ಅಂಗಡಿಗೆ ಬಂದು, ಬಿಚ್ಚಿದ ಚೀಲದಿಂದ ಒಂದೆರಡು ಕಿಲೋ ಯೂರಿಯಾ ಕೊಡಿ, ನೀರಿಗೆ ಕಲಸಿಕೊಳ್ಳುತ್ತೇವೆ ಎನ್ನುತ್ತಾರೆ. ನಾನು ಕೊಡುವುದಿಲ್ಲ. ರೈತರಿಗೆಂದು ರಿಯಾಯಿತಿಯಲ್ಲಿ ಬರುವ ಗೊಬ್ಬರವನ್ನು ಹೀಗೆ ಬಳಸುವುದೇ ತಪ್ಪು. ಅದಿರಲಿ, 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ, ಕೊಳವೆ ಬಾವಿಯ ನೀರಿನ ಸುಣ್ಣದಂಶ, ಗೊಬ್ಬರದಲ್ಲಿರುವ ಇತರ ಕಲ್ಮಶ ಇವೆಲ್ಲ ಸೇರಿ ಸಿಂಪಡಿಸುವ ನಳಿಕೆಯನ್ನು ಕಟ್ಟಿಸಿ, ಕ್ಯಾಟಲಿಸ್ಟನ್ನು ಕೆಡಿಸುತ್ತವೆ. ಬಕೆಟಿನಲ್ಲಿ ಬರುವ ಸರಿಯಾದ ದ್ರವಕ್ಕೆ ನಾನು ಕೊಡುವ ಹಣ ಕಿಲೋಮೀಟರಿಗೆ ಕೆಲವು ಪೈಸೆಗಳಷ್ಟೇ. ಅದನ್ನು ಉಳಿಸಲು ಹೋಗಿ ಸಾವಿರಗಟ್ಟಲೆ ತೆರುವುದರಲ್ಲಿ ಅರ್ಥವಿಲ್ಲ.

ಉಳಿದ ಸಂಗತಿಗಳು ಸಣ್ಣವು. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲ್ಲನ್ನು ಈ ಎಂಜಿನ್ನಿಗೆ ಹಾಕಬಾರದು, ಇಂಜೆಕ್ಟರುಗಳು ನೀರು ಮತ್ತು ಧೂಳನ್ನು ಸಹಿಸುವುದಿಲ್ಲ. ಕ್ಯಾಬಿನ್ನಿನಲ್ಲಿ ಸದ್ದು, ನಡುಕ ಪೆಟ್ರೋಲಿಗಿಂತ ಹೆಚ್ಚು. ಕ್ಲಚ್, ಟೈರು, ಬ್ರೇಕಿನ ಖರ್ಚು ಹೊರುವ ಭಾರಕ್ಕೆ ತಕ್ಕಂತೆ ಇದೆ, ದೂರಲು ಏನೂ ಇಲ್ಲ.

ಇಂದು ಮತ್ತೆ ಕೊಳ್ಳಬೇಕಾಗಿ ಬಂದರೆ ನನ್ನ ಕೆಲಸಕ್ಕೆ ನಾನು ಡೀಸೆಲ್ಲನ್ನೇ ಕೊಳ್ಳುತ್ತೇನೆ. ಭಾವನವರು ತಮ್ಮ ಹಳೆಯ ಗಾಡಿ ಕೊಟ್ಟು ಸಿಎನ್‌ಜಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ. ಊರೊಳಗಿನ ಕೆಲಸಕ್ಕೆ ಅದು ಸರಿ, ಸಿಲಿಂಡರ್ ತುಂಬಿಸಲು ಸರದಿಯಲ್ಲಿ ನಿಲ್ಲುವ ಸಮಯ ಅವರಿಗಿದ್ದರೆ. ತರಕಾರಿ, ಹಾಲು, ಬೇಕರಿ ಮಾಲು, ಕೊರಿಯರ್ ಹೊರುವವರಿಗೆ ಬಿಎಸ್-6 ಡೀಸೆಲ್ಲನ್ನು ನಾನು ಸೂಚಿಸುವುದಿಲ್ಲ. ಚಳ್ಳಕೆರೆ, ಹಿರಿಯೂರು ಕಡೆಯಿಂದ ಈರುಳ್ಳಿ ಹೇರಿಕೊಂಡು ಬೆಂಗಳೂರಿನ ಯಶವಂತಪುರಕ್ಕೆ ರಾತ್ರಿ ಓಡುವವರಿಗೆ ಬೇರೆ ಯಾವುದನ್ನೂ ಸೂಚಿಸುವುದಿಲ್ಲ. ಹಳೆಯ ಬಿಎಸ್-6 ಡೀಸೆಲ್ ಗಾಡಿಯನ್ನು ಕೊಳ್ಳುವವರು ಬಾಡಿಗೆ ಎಲ್ಲಿಗೆ ಓಡುತ್ತಿತ್ತೆಂದು ಮೊದಲು ವಿಚಾರಿಸಬೇಕು. ಕಡಿಮೆ ಕಿಲೋಮೀಟರ್ ಓಡಿದೆ ಎಂದು ಹಿಗ್ಗುವ ಮುನ್ನ ಸ್ಕ್ಯಾನರ್ ಹಾಕಿಸಿ ಸೋಸುಕದಲ್ಲಿನ ಮಸಿಯ ಮಟ್ಟ ನೋಡಬೇಕು. ಸೋಸುಕವನ್ನು ಕಿತ್ತು ಖಾಲಿ ಕೊಳವೆ ಬೆಸೆದ ಗಾಡಿಗಳೂ ಮಾರಾಟಕ್ಕೆ ಬರುತ್ತಿವೆ. ಅಂಥದ್ದರ ಹೊಗೆ ಕೊಳವೆಯ ಬಾಯೊಳಗೆ ಬೆರಳಾಡಿಸಿದರೆ ಕಪ್ಪು ಮಸಿ ಅಂಟುತ್ತದೆ, ಸೋಸುಕ ಸರಿಯಿರುವ ಗಾಡಿಯಲ್ಲಿ ಬೆರಳು ಬಹುಮಟ್ಟಿಗೆ ಶುಚಿಯಾಗಿಯೇ ಹೊರಬರುತ್ತದೆ.