ಮಂಜಿನ ನಗರಿಗೆ ಹಿಮದ ಪೇರ್ ಗಿಡ: ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

‘ಮೈನಸ್ 25 ಡಿಗ್ರಿಗೂ ಜಗ್ಗದ ಪೇರ್. ಕೊಡಗಿನ ಚಳಿಗೆ ಹೇಳಿ ಮಾಡಿಸಿದ ತಳಿ. ಎರಡನೇ ವರ್ಷಕ್ಕೇ ಹಣ್ಣು.’ ಡಿಸೆಂಬರ್ ಬಂತೆಂದರೆ ಮೊಬೈಲಿನಲ್ಲಿ ಈ ಬಗೆಯ ಜಾಹೀರಾತು ಶುರು. (ಪೇರ್ ಎಂದರೆ ಪೇರಳೆಯಲ್ಲ, ಮರಸೇಬಿನ ಜಾತಿಯ ಹಣ್ಣು.) ನಂಬಿ ಗಿಡ ತರಿಸಿದ ಹಿತ್ತಿಲುಗಳಲ್ಲಿ ಆಗುವುದು ಹೆಚ್ಚುಕಡಿಮೆ ಒಂದೇ. ಮೂರನೇ ಮಳೆಗಾಲದ ಹೊತ್ತಿಗೆ ಗಿಡ ಸತ್ತಿರುತ್ತದೆ. ಸಾಯದಿದ್ದರೆ ಆಳೆತ್ತರದ ಬೋಳು ಕೋಲಿನ ತುದಿಗೆ ನಾಲ್ಕು ಎಲೆ ಇಟ್ಟುಕೊಂಡು ನಿಂತಿರುತ್ತದೆ. ಕೊಂಡವರು ಗೊಬ್ಬರ ಸಾಲಲಿಲ್ಲವೇನೋ, ನಮ್ಮ ಕೈಗುಣವೇ ಸರಿಯಿಲ್ಲವೇನೋ ಎಂದುಕೊಳ್ಳುತ್ತಾರೆ. ಎರಡೂ ಅಲ್ಲ. ಗಿಡ ಊರಿಗೆ ಕಾಲಿಡುವ ಮುಂಚೆಯೇ ಲೆಕ್ಕ ತಪ್ಪಿರುತ್ತದೆ.

ತಮಾಷೆಯೆಂದರೆ ಮೈನಸ್ 25ರ ಮಾತು ಸುಳ್ಳಲ್ಲ. ಯುರೋಪಿನ ಕೆಲವು ಪೇರ್ ತಳಿಗಳು ಅಷ್ಟು ಚಳಿಯಲ್ಲೂ ಉಳಿಯುತ್ತವೆ, ಸೈಬೀರಿಯಾ-ಮಂಚೂರಿಯಾ ಕಡೆಯ ಉಸ್ಸೂರಿ ಪೇರ್ ಅದಕ್ಕಿಂತ ಕೆಳಗೂ ಬದುಕುತ್ತದೆ. ಎಡವಟ್ಟಾಗುವುದು ಹಿಮಕ್ಕೂ ತೇವಕ್ಕೂ ಒಂದೇ ಆಗಿರುವ ‘ಮಂಜು’ ಎಂಬ ಪದದಲ್ಲಿ. ನಮ್ಮಲ್ಲಿ ಮಂಜು ಎಂದರೆ ಬೆಳಿಗ್ಗೆ ಮಡಿಕೇರಿಯ ರಾಜಾಸೀಟಿನ ಕೆಳಗೆ ಕಣಿವೆ ತುಂಬಿ ನಿಲ್ಲುವ ಬಿಳಿ ತೇವ. ಅದು ಹೆಪ್ಪುಗಟ್ಟಿ ಚಿಗುರು ಸುಡುವುದಿಲ್ಲ, ಎಲೆಯನ್ನು ಹತ್ತು ಗಂಟೆಯವರೆಗೆ ಒದ್ದೆ ಇಡುತ್ತದೆ. ಪೇರ್ ಎಲೆಗೆ ಚುಕ್ಕೆ ರೋಗ, ಕಜ್ಜಿ ರೋಗ ಹತ್ತಲು ಬೇಕಾಗಿರುವುದೂ ಇಂಥ ಒದ್ದೆಯೇ. ಹಿಮ ತಡೆಯುವ ಗುಣಕ್ಕೆ ದುಡ್ಡು ಕೊಟ್ಟವರಿಗೆ ಇಲ್ಲಿ ಅದರಿಂದ ಬಿಡಿಕಾಸಿನ ಉಪಯೋಗವಿಲ್ಲ.

ನಿಜವಾದ ತೊಡಕು ಚಳಿಯ ಗಂಟೆಗಳದು. ಪೇರ್ ಮರ ಎಲೆ ಉದುರಿಸಿ ನಿದ್ದೆಗೆ ಹೋಗುತ್ತದೆ. ಆ ನಿದ್ದೆ ಕಳೆಯಬೇಕಾದರೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಮೊಗ್ಗಿಗೆ ಇಂತಿಷ್ಟು ಗಂಟೆ ತಾಗಲೇಬೇಕು. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಬಾರ್ಟ್ಲೆಟ್ ಪೇರ್ ಕೇಳುವುದು 800 ಗಂಟೆಯ ಆಸುಪಾಸು. ದಿನಕ್ಕೆ ಹತ್ತು ಗಂಟೆಯಂತೆ ಲೆಕ್ಕ ಹಾಕಿದರೂ ಅಂಥ 80 ರಾತ್ರಿ ಬೇಕು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಜನವರಿ ರಾತ್ರಿ ಕಂಬಳಿ ಎಳೆದುಕೊಳ್ಳುವಂತಾದರೂ ಥರ್ಮಾಮೀಟರ್ ಸಾಮಾನ್ಯವಾಗಿ 12ರಿಂದ 15ರ ನಡುವೆ ಆಡುತ್ತಿರುತ್ತದೆ. ಕುಶಾಲನಗರ, ಗೋಣಿಕೊಪ್ಪ ಇನ್ನೂ ಕೆಳಗೆ. ಊಟಿಯ 2,240 ಮೀಟರಿಗೂ ನಮಗೂ ಸಾವಿರ ಮೀಟರಿನ ಮೇಲೆ ಅಂತರ, ಅಂದರೆ ಸುಮಾರು ಆರು ಡಿಗ್ರಿ. ಅದರ ಮೇಲೆ ಹಗಲಿನ ಬಿಸಿಲು 25 ಡಿಗ್ರಿ ಮುಟ್ಟಿದರೆ ರಾತ್ರಿ ಕೂಡಿಟ್ಟ ಅಷ್ಟಿಷ್ಟು ಚಳಿಯೂ ಲೆಕ್ಕದಿಂದ ಕಳೆದುಹೋಗುತ್ತದೆ.

ಬುಡಕ್ಕೆ ಐಸ್ ಸುರಿಯಿರಿ ಎನ್ನುವ ಸಲಹೆಯೂ ಓಡಾಡುತ್ತಿದೆ. ಚಳಿ ತಾಗಬೇಕಾದ್ದು ಕೊಂಬೆಯ ಮೊಗ್ಗಿಗೆ, ಬೇರಿಗಲ್ಲ. ಐಸನ್ನು ಪಾನಕಕ್ಕೆ ಇಟ್ಟುಕೊಳ್ಳಿ.

ಚಳಿ ಸಾಲದ ಗಿಡವನ್ನು ದೂರದಿಂದಲೇ ಗುರುತಿಸಬಹುದು. ಹಳೆಯ ಎಲೆ ಸಂಕ್ರಾಂತಿ ಕಳೆದರೂ ಉದುರುವುದಿಲ್ಲ. ಮಾರ್ಚ್‌ನಲ್ಲಿ ಕೊಂಬೆಯ ತುದಿಮೊಗ್ಗು ಮಾತ್ರ ಒಡೆಯುತ್ತದೆ, ಅದರ ಕೆಳಗಿನ ಹತ್ತು ಹನ್ನೆರಡು ಮೊಗ್ಗು ಕಂದು ಬಣ್ಣಕ್ಕೆ ತಿರುಗಿ ಒಣಗಿ, ಉಗುರು ತಾಗಿಸಿದರೆ ಪುಡಿಯಾಗಿ ಬೀಳುತ್ತವೆ. ಹೂ ಬಂದರೂ ಒಂದು ಗೊಂಚಲು ಫೆಬ್ರವರಿಗೆ, ಇನ್ನೊಂದು ಏಪ್ರಿಲ್‌ಗೆ. ಹೆಚ್ಚಿನ ಪೇರ್ ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅದೇ ಹೊತ್ತಿಗೆ ಅರಳುವ ಬೇರೆ ತಳಿಯ ಮರ ಹತ್ತಿರದಲ್ಲಿರಬೇಕು. ‘ಒಂದು ಗಿಡ ಸಾಕು’ ಎಂದು ಮಾರಿದವರು ಇದನ್ನು ಹೇಳಿರುವುದಿಲ್ಲ. ಒಂದೇ ತಳಿಯ ಎರಡು ಗಿಡ ಕೊಂಡರೂ ಅಷ್ಟೇ: ಕಸಿಯಿಂದ ಬಂದವೆಲ್ಲ ಒಂದೇ ಮರದ ತುಂಡುಗಳು, ಒಂದರ ಪರಾಗ ಇನ್ನೊಂದಕ್ಕೆ ನಡೆಯುವುದಿಲ್ಲ.

ಇಷ್ಟೆಲ್ಲ ಆಗಬೇಕಾದರೆ ಗಿಡ ಮಳೆಗಾಲ ದಾಟಬೇಕಲ್ಲ. ಹೆಚ್ಚಿನವು ಸಾಯುವುದು ಅಲ್ಲೇ.

ಪೊಟ್ಟಣದ ಜೊತೆ ಬರುವ ಚೀಟಿಯಲ್ಲಿ ‘ಎರಡಡಿ ಆಳ, ಎರಡಡಿ ಅಗಲ ಗುಂಡಿ ತೆಗೆದು ಗೊಬ್ಬರ ತುಂಬಿ ನೆಡಿ’ ಎಂದಿರುತ್ತದೆ. ಮಳೆ ಕಡಿಮೆಯಿರುವ ಬಯಲುಸೀಮೆಗೆ ಅದು ಸರಿ. ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಮಡಿಕೇರಿಯ ಕೆಂಪು ಮಣ್ಣಿನಲ್ಲಿ ಅಂಥ ಗುಂಡಿ ಬಾನಿಯಂತೆ ನೀರು ಹಿಡಿಯುತ್ತದೆ. ಸುತ್ತಲಿನ ಗಟ್ಟಿ ಮಣ್ಣಿನಿಂದ ಇಳಿದ ನೀರೆಲ್ಲ ಗೊಬ್ಬರ ತುಂಬಿದ ಸಡಿಲ ಜಾಗಕ್ಕೆ ಬಂದು ನಿಲ್ಲುತ್ತದೆ, ಗೊಬ್ಬರ ಕೊಳೆತು ಕುಗ್ಗಿದಂತೆ ಗಿಡ ಕೆಳಗಿಳಿಯುತ್ತದೆ, ಕಸಿಗಂಟು (ಬೇರಿನ ಗಿಡಕ್ಕೆ ಮೇಲಿನ ಕುಡಿ ಕೂಡಿದ ಜಾಗ) ಮಣ್ಣಿನೊಳಗೆ ಹೋಗುತ್ತದೆ. ಆಮೇಲೆ ಬುಡಕೊಳೆ. ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ವಾರಗಳಲ್ಲಿ ಸೊರಗಿಸಿ ಕೆಡವುವ ಫೈಟಾಫ್ತೋರಾ ಗೊತ್ತಲ್ಲ, ಅದೇ ಕುಲದ ಶಿಲೀಂಧ್ರದಂಥ ರೋಗಾಣು ಪೇರ್ ಬುಡಕ್ಕೂ ಬರುತ್ತದೆ.

ಆಗಸ್ಟ್‌ನಲ್ಲಿ ಎಲೆ ಚಿಕ್ಕದಾಗಿ, ಅಂಚು ಕೆಂಪಗಾಗಿ ಕಂಡರೆ ಗೊಬ್ಬರ ಹಾಕಲು ಓಡಬೇಡಿ. ಬುಡದ ಮಣ್ಣನ್ನು ಕೈಯಲ್ಲೇ ನಾಲ್ಕು ಬೆರಳು ಸರಿಸಿ. ತೊಗಟೆಯನ್ನು ಚಾಕುವಿನ ತುದಿಯಿಂದ ತೆಳ್ಳಗೆ ಕೆರೆಯಿರಿ. ಒಳಗೆ ಹಸಿರು-ಬಿಳಿ ಕಂಡರೆ ಜೀವ ಇದೆ. ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕೆಂಗಂದು ಬಣ್ಣ ಕಂಡು, ಹುಳಿ ವಾಸನೆ ಬಂದರೆ ಅದು ಬುಡಕೊಳೆ. ಕೆರೆಯುತ್ತಾ ಹೋದರೆ ಕಂದು ನಿಂತು ಬಿಳಿ ಶುರುವಾಗುವ ಗೆರೆ ಸ್ಪಷ್ಟವಾಗಿ ಸಿಗುತ್ತದೆ. ಕಂದು ಭಾಗ ಕಾಂಡದ ಅರ್ಧ ಸುತ್ತಿಗಿಂತ ಕಡಿಮೆ ಇದ್ದರೆ ಕೊಳೆತ ತೊಗಟೆ ಕೆತ್ತಿ ತೆಗೆದು, ಬುಡ ಗಾಳಿಗೆ ತೆರೆದು, ಬೋರ್ಡೋ ಮುಲಾಮು ಹಚ್ಚಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರಿನ ಪ್ರಮಾಣ. ಒಂದು ಗಿಡಕ್ಕೆ ತಲಾ 50 ಗ್ರಾಂ, ಅರ್ಧ ಲೀಟರ್ ನೀರು ಸಾಕು. ಅರ್ಧ ಸುತ್ತು ದಾಟಿದ್ದರೆ ಬೇರು ಸಮೇತ ಕಿತ್ತು ಸುಡಿ. ಆ ಜಾಗದಲ್ಲಿ ಮತ್ತೆ ಪೇರ್ ಬೇಡ. ಮೆಣಸಿನ ಬಳ್ಳಿ ಸೊರಗಿ ಸತ್ತ ಜಾಗಕ್ಕೂ ಪೇರ್ ಬೇಡ.

ಇನ್ನೊಂದು ಮೋಸ ಕಣ್ಣಿಗೆ ಬೀಳಲು ವರ್ಷಗಳೇ ಹಿಡಿಯುತ್ತವೆ. ಉತ್ತರದಿಂದ ಬರುವ ಕಸಿ ಗಿಡಗಳಲ್ಲಿ ಬೇರಿನ ಭಾಗ ಹಲವು ಸಲ ಹಿಮಾಲಯದ ಕಾಡು ಪೇರ್, ಅಲ್ಲಿ ಅದಕ್ಕೆ ಕೈಂತ್ ಎನ್ನುತ್ತಾರೆ. ಗಟ್ಟಿ ಜೀವ ಅದು. ಮೇಲಿನ ಕಸಿ ಕುಡಿ ದಾರಿಯಲ್ಲೋ ಮೊದಲ ಮಳೆಯಲ್ಲೋ ಸತ್ತರೆ ಕೆಳಗಿನಿಂದ ಕೈಂತ್ ಚಿಗುರುತ್ತದೆ. ‘ಗಿಡ ಮತ್ತೆ ಚಿಗುರಿತು’ ಎಂದು ಮನೆಯವರು ಐದಾರು ವರ್ಷ ನೀರು ಹಾಕಿ ಸಾಕುತ್ತಾರೆ. ಕೊನೆಗೆ ಬಿಡುವುದು ಗೋಲಿಯಷ್ಟು ದಪ್ಪದ ಒಗರು ಕಾಯಿ. ಚಿಗುರಿನಲ್ಲಿ ಮುಳ್ಳು ಕಂಡರೆ, ಎಳೆ ಎಲೆ ಮೂರು ಹಾಲೆಯಾಗಿ ಸೀಳಿದ್ದರೆ, ಚಿಗುರು ಕಸಿಗಂಟಿನ ಕೆಳಗಿನಿಂದ ಹೊರಟಿದ್ದರೆ ಅದು ನೀವು ದುಡ್ಡು ಕೊಟ್ಟ ಪೇರ್ ಅಲ್ಲ. ಅಂಥ ಚಿಗುರನ್ನು ಕತ್ತಿಯಿಂದ ಸವರಬೇಡಿ, ಒಂದರ ಜಾಗಕ್ಕೆ ನಾಲ್ಕು ಬರುತ್ತವೆ. ಎಳೆಯದಿರುವಾಗ ಹಿಡಿದು ಕೆಳಕ್ಕೆ ಜಗ್ಗಿ ಬುಡಸಮೇತ ಕೀಳಿ.

ಬೀಜದ ಪೊಟ್ಟಣ ಮಾರುವವರ ಬಗ್ಗೆ ಎರಡೇ ಮಾತು. ಪೇರ್ ಬೀಜದಿಂದ ತಾಯಿಯ ತಳಿ ಬರುವುದಿಲ್ಲ, ಹೂ ಕಾಣಲು ಏಳೆಂಟು ವರ್ಷವಾದರೂ ಕಾಯಬೇಕು.

ದ್ರಾಕ್ಷಿ ತೋಟಗಳಲ್ಲಿ ಮೊಗ್ಗು ಒಡೆಸಲು ಬಳಸುವ ಹೈಡ್ರೋಜನ್ ಸಯನಮೈಡನ್ನು ಪೇರ್‌ಗೂ ಹೊಡೆಯಿರಿ ಎಂದು ಕೆಲವರು ಹೇಳಿಕೊಡುತ್ತಾರೆ. ಮನೆಯ ಹಿತ್ತಿಲಿನಲ್ಲಿ ಇದು ಬೇಡವೇ ಬೇಡ. ಚರ್ಮ, ಕಣ್ಣು ಸುಡುತ್ತದೆ. ಹೊಡೆಯುವ ಮುಂಚೆಯೋ ನಂತರವೋ ಮದ್ಯ ಸೇವಿಸಿದರಂತೂ ದೇಹದಲ್ಲಿ ವಿಷವೇ ಆಗುತ್ತದೆ. ನಮ್ಮ ಕಡೆಯ ಸಂಜೆಗಳನ್ನು ನೆನೆದರೆ ಇದನ್ನು ದಪ್ಪಕ್ಷರದಲ್ಲೇ ಬರೆಯಬೇಕು.

ಈಗಾಗಲೇ ತಂದಾಗಿದೆ ಎನ್ನುವವರು ಮೊದಲು ತಳಿಯ ಹೆಸರು ನೋಡಿ. ಬಾರ್ಟ್ಲೆಟ್, ವಿಲಿಯಮ್ಸ್ (ಎರಡೂ ಒಂದೇ), ಉಸ್ಸೂರಿ, ಅಥವಾ ಬರೀ ‘ಹಿಮ ಪೇರ್’ ಎಂದಿದ್ದರೆ ಕೊಡಗಿನಲ್ಲಿ ಅದಕ್ಕೆ ಇನ್ನಷ್ಟು ಗೊಬ್ಬರ ಸುರಿಯುವುದು ವ್ಯರ್ಥ. ಬೇರು ಗಟ್ಟಿಯಿದ್ದರೆ ಜನವರಿಯಲ್ಲಿ ಅದರ ಮೇಲೆ ಕಡಿಮೆ ಚಳಿ ಕೇಳುವ ಕೀಫರ್ ತಳಿಯ ಕುಡಿ ಕಸಿ ಕಟ್ಟಿಸಬಹುದು, ಅಷ್ಟೇ ಉಳಿದಿರುವ ದಾರಿ.

ಹಠ ಹಿಡಿದು ಬೆಳೆಯಲೇಬೇಕೆಂದರೆ ಕೇಳಬೇಕಾದ ಹೆಸರುಗಳು ಬೇರೆ. ನೀಲಗಿರಿ, ಕೊಡೈಕನಾಲ್ ಕಡೆಯ ಕೀಫರ್ ಮತ್ತು ನಾಡು ಪೇರ್, ಅಂದರೆ ಬೆಂಗಳೂರಿನ ಗಾಡಿಗಳಲ್ಲಿ ಬೇರಿಕಾಯಿ, ಮರಸೇಬು ಎಂದು ಮಾರುವ ಗಟ್ಟಿ ಕಾಯಿ. ಪಂಜಾಬಿನ ಬಯಲಿನ ಪತ್ಥರ್‌ನಾಖ್ ಕೂಡ ಸುಮಾರು 150 ಗಂಟೆ ಚಳಿಯಲ್ಲಿ ಸುಧಾರಿಸಿಕೊಳ್ಳುತ್ತದೆ. ಇವುಗಳಲ್ಲಿ ಬಾರ್ಟ್ಲೆಟ್‌ನ ಬೆಣ್ಣೆಯಂಥ ತಿರುಳು ಸಿಗದು, ಕಚ್ಚಿದರೆ ಮರಳು ಮರಳು. ಉಪ್ಪು-ಖಾರ ಹಚ್ಚಿ ತಿನ್ನಲು, ಬೇಯಿಸಿ ಜಾಮ್ ಮಾಡಲು ಚೆನ್ನ. ಕೀಫರ್ ಸ್ವಲ್ಪ ಮಟ್ಟಿಗೆ ಒಂಟಿಯಾಗಿಯೂ ಕಾಯಿ ಕಟ್ಟುತ್ತದೆ, ಜೊತೆಗಿನ್ನೊಂದು ತಳಿ ಇದ್ದರೆ ಒಳ್ಳೆಯದು. ನರ್ಸರಿಯಲ್ಲಿ ‘ಪೇರ್’ ಎಂಬುದನ್ನು ಬಿಡಿಸಿ ಹೇಳಿ, ಇಲ್ಲದಿದ್ದರೆ ಪೇರಳೆ ಗಿಡ ಎತ್ತಿಕೊಡುತ್ತಾರೆ.

ಗುಂಡಿ ಬೇಡ, ದಿಬ್ಬ ಮಾಡಿ: ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರ, ಇಳಿಜಾರಿನ ಮೇಲ್ಬದಿಯಿಂದ ಬರುವ ನೀರು ತಿರುಗಿ ಹೋಗುವಂತೆ ಅರ್ಧಚಂದ್ರಾಕಾರದ ಕಾಲುವೆ. ದಿಬ್ಬದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹತ್ತು ಕಿಲೋಗಿಂತ ಹೆಚ್ಚು ಬೇಡ. ನಮ್ಮ ಮಣ್ಣು ಹುಳಿ, ಪೇರ್‌ಗೆ ರಸಸಾರ (ಪಿಎಚ್) 6ರಿಂದ 7 ಹಿತ. ಕಾಫಿ ತೋಟದ ಮಣ್ಣು ಪರೀಕ್ಷೆಗೆ ಕೊಡುವಾಗ ಹಿತ್ತಿಲಿನದೂ ಒಂದು ಪೊಟ್ಟಣ ಕೊಟ್ಟು, ಬಂದ ಅಂಕಿ ನೋಡಿ ಸುಣ್ಣ ಹಾಕಿ. ಸಿಲ್ವರ್ ಓಕ್‌ನಿಂದ ಕನಿಷ್ಠ 20 ಅಡಿ ದೂರ, ದಿನಕ್ಕೆ ಆರು ಗಂಟೆ ಬಿಸಿಲು. ಕಸಿಗಂಟು ಮಣ್ಣಿನಿಂದ ಒಂದು ಗೇಣು ಮೇಲೆ ಇರಲಿ. ದರಗು ಹೊದಿಸುವಾಗ ಕಾಂಡಕ್ಕೆ ತಾಗಿಸದೆ ಅರ್ಧ ಅಡಿ ಬಿಡಿ. ಪ್ಯಾಕೆಟ್ ಗಿಡವನ್ನು ಜೂನ್‌ನಲ್ಲಿ ನೆಡುವ ನಮ್ಮ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೋಳ್ದ್ ಹಬ್ಬ ಕಳೆದು ಮಳೆ ಹಿಮ್ಮೆಟ್ಟಿದ ಮೇಲೆ ನೆಡಿ. ಮಣ್ಣಿಲ್ಲದ ಬೇರಿನ ಗಿಡ ಜನವರಿಯಲ್ಲಿ ಬಂದರೆ ರಾತ್ರಿಯೆಲ್ಲ ಬೇರು ನೀರಿನಲ್ಲಿಟ್ಟು ಮರುದಿನವೇ ನೆಟ್ಟು, ಎರಡೂವರೆ ಅಡಿಗೆ ತುದಿ ಕತ್ತರಿಸಿ, ಮೇ ಕೊನೆಯವರೆಗೆ ವಾರಕ್ಕೊಮ್ಮೆ 15 ಲೀಟರ್ ನೀರು ಕೊಡಿ. ಮೇ ಕೊನೆಗೆ ಮತ್ತು ಆಗಸ್ಟ್ ಬಿಡುವಿನಲ್ಲಿ ಶೇ 1ರ ಬೋರ್ಡೋ ಸಿಂಪಡಣೆ ಆಗಬೇಕು. ಹೂವಿಗೂ ಎಳೆಗಾಯಿಗೂ ಮಾತ್ರ ಬೇಡ, ಸಿಪ್ಪೆ ತುಕ್ಕು ಹಿಡಿದಂತಾಗುತ್ತದೆ.

ಎಲ್ಲ ಸರಿಹೋಗಿ ಫೆಬ್ರವರಿಯಲ್ಲಿ ಹೂ ಬಂತೆನ್ನಿ, ಕಾಯಿ ಬಲಿಯಲು ಐದು ತಿಂಗಳ ಮೇಲೆ ಬೇಕು. ಅಂದರೆ ನೇರ ಜುಲೈ-ಆಗಸ್ಟ್‌ನ ಕಕ್ಕಡದ ಮಳೆಗೆ. ಮರದಲ್ಲೇ ಕೊಳೆತು, ಹಣ್ಣುನೊಣ ಚುಚ್ಚಿ ಉದುರುತ್ತದೆ. ಇದಕ್ಕೊಂದು ಉಪಾಯ ಇಂಡೋನೇಷ್ಯಾದ ಜಾವಾದಲ್ಲಿದೆ. ಬಾತು ಎಂಬ ಊರಿನವರು ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿ ಸೇಬು ಬೆಳೆಯುತ್ತಾರೆ, ಕೊಂಬೆ ಬಾಗಿಸಿ, ಎಲೆಗಳನ್ನು ಕೈಯಿಂದ ಕಿತ್ತು ಮರ ನಿದ್ದೆಗೆ ಜಾರುವ ಮುಂಚೆಯೇ ಮೊಗ್ಗು ಎಬ್ಬಿಸುತ್ತಾರೆ. ಕಡಿಮೆ ಚಳಿಯ ಪೇರ್‌ನಲ್ಲಿ ಪ್ರಯತ್ನಿಸಬಹುದಾದ ಕ್ರಮವೂ ಇದೇ. ಮೂರು ವರ್ಷ ತುಂಬಿದ ಗಿಡದ ಕೊಂಬೆಗಳನ್ನು ಸೆಪ್ಟೆಂಬರ್‌ನಲ್ಲಿ ಗೂಟಕ್ಕೆ ಕಟ್ಟಿ ಬಾಗಿಸಿ. ತುಲಾ ಸಂಕ್ರಮಣದ ಹೊತ್ತಿಗೆ ತುದಿ ಚಿಗುರು ನಿಂತು ಎಲೆ ದಪ್ಪಗಾಗಿರುತ್ತದೆ. ಆಗ ಒಂದೊಂದೇ ಎಲೆಯನ್ನು ತೊಟ್ಟಿನ ನಡುವೆ ಚಿವುಟಿ ತೆಗೆಯಿರಿ, ಕೆಳಕ್ಕೆ ಜಗ್ಗಿದರೆ ಕಂಕುಳಿನ ಮೊಗ್ಗೂ ಕಿತ್ತು ಬರುತ್ತದೆ. ಮೂರು ವಾರ ನೀರು ನಿಲ್ಲಿಸಿ, ಆಮೇಲೆ ಒಮ್ಮೆ ಚೆನ್ನಾಗಿ ಉಣಿಸಿ. ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬದ ಸುಮಾರಿಗೆ ಹೂ ಬಂದರೆ ಕಾಯಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಕೈಗೆ ಬರುತ್ತದೆ. ಎರಡು ವರ್ಷ ಹೀಗೆ ಮಾಡಿಯೂ ಹೂ ಕಾಣದಿದ್ದರೆ ದಿಬ್ಬವನ್ನು ಹಾಳು ಮಾಡಬೇಡಿ. ಗಿಡ ಕಿತ್ತು ಅಲ್ಲೇ ಬೆಣ್ಣೆಹಣ್ಣಿನ ಕಸಿ ಗಿಡ ಕೂರಿಸಿ, ಅದಕ್ಕೂ ಬುಡದಲ್ಲಿ ನೀರು ನಿಂತರೆ ಆಗದು. ಗಿಡಕ್ಕೆ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ಕೇಳಿ ನೋಡಿ.