ಸರಿಗಮಪ ಆಡಿಷನ್: ಸಾಲಿನಲ್ಲಿ ನಿಲ್ಲುವ ಮುನ್ನ

ಜೀ ಕನ್ನಡದ ಹಾಡಿನ ಸ್ಪರ್ಧೆ ‘ಸರಿಗಮಪ’ದ ಆಡಿಷನ್ ಪ್ರಕಟವಾಯಿತೆಂದರೆ ಹಾಡುವವರಿರುವ ಮನೆಗಳಲ್ಲಿ ಒಂದೇ ಮಾತು: ಹೋಗೋದಾ, ಬೇಡ್ವಾ? ಪಕ್ಕವಾದ್ಯವಿಲ್ಲದೆ ಒಂದು ಪಲ್ಲವಿ, ಒಂದು ಚರಣವನ್ನು ಶ್ರುತಿ ಜಾರದೆ ಹಾಡಬಲ್ಲಿರಾದರೆ, ಆಯ್ಕೆಯಾದ ಮೇಲೆ ತಿಂಗಳುಗಟ್ಟಲೆ ಶೂಟಿಂಗಿಗೆ ಓಡಾಡಲು ಪುರುಸೊತ್ತಿದ್ದರೆ, ಧಾರಾಳವಾಗಿ ಹೋಗಿ. ‘ನನ್ನ ಹಾಡುಗಾರಿಕೆ ಯಾವ ಮಟ್ಟದಲ್ಲಿದೆ ನೋಡೋಣ’ ಎಂಬುದಷ್ಟೇ ಉದ್ದೇಶವಾದರೆ ಬೇಡ. ಅದನ್ನು ಅಳೆಯಲು ಆಡಿಷನ್ ತೀರಾ ಕಳಪೆ ತಕ್ಕಡಿ.

ಈಟಿವಿಯ ‘ಎದೆ ತುಂಬಿ ಹಾಡುವೆನು’ ವೇದಿಕೆಯಲ್ಲಿ ಎಸ್‌ಪಿಬಿ ಹಾಡಿನ ಒಂದೊಂದು ತಿರುವನ್ನೂ ಹಾಡಿ ತೋರಿಸಿ ತಿದ್ದುತ್ತಿದ್ದುದನ್ನು ನೋಡಿ ಬೆಳೆದವರು ಮೊದಲ ಸುತ್ತಿನಲ್ಲೂ ಅದನ್ನೇ ನಿರೀಕ್ಷಿಸುತ್ತಾರೆ. ಸರಿಗಮಪದ ಆ ಸುತ್ತಿನಲ್ಲಿ ತೆರೆಯ ಮೇಲೆ ತೀರ್ಪು ಕೊಡುವ ವಿಜಯ್ ಪ್ರಕಾಶ್ ಅವರೂ ಇರುವುದಿಲ್ಲ, ಅರ್ಜುನ್ ಜನ್ಯ ಅವರೂ ಇರುವುದಿಲ್ಲ. ಸಂಗೀತ ಬಲ್ಲ ಒಬ್ಬಿಬ್ಬರು, ಕಾರ್ಯಕ್ರಮದ ತಂಡದವರು, ಅಷ್ಟೆ. ಅರ್ಧ ನಿಮಿಷವೋ ಒಂದು ನಿಮಿಷವೋ ಕೇಳಿ ‘ಸಾಕು, ತಿಳಿಸ್ತೀವಿ’ ಅನ್ನುತ್ತಾರೆ. ಅಂಕವಿಲ್ಲ, ಏಕೆ ಬೇಡವಾಯಿತೆಂಬ ವಿವರಣೆಯೂ ಇಲ್ಲ. ಗಾಯನದ ಮಟ್ಟ ತಿಳಿಯಬೇಕಿದ್ದರೆ ಆಕಾಶವಾಣಿಯ ಧ್ವನಿಪರೀಕ್ಷೆ ಇದೆ, ಅಲ್ಲಿ ಶ್ರೇಣಿ ಕೊಡುತ್ತಾರೆ. ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಗಾಂಧರ್ವ ಮಹಾವಿದ್ಯಾಲಯದ ಹಿಂದೂಸ್ತಾನಿ ಸಂಗೀತ ಪರೀಕ್ಷೆಗಳೂ ಇವೆ.

ಹೋಗುವುದೆಂದು ನಿರ್ಧರಿಸಿದವರ ದೊಡ್ಡ ಶತ್ರು ಕರೋಕೆ, ಅಂದರೆ ಗಾಯಕರ ದನಿ ತೆಗೆದ ವಾದ್ಯಗಳ ಟ್ರ್ಯಾಕ್. ಅದರ ಮೇಲೆ ತಿಂಗಳುಗಟ್ಟಲೆ ಹಾಡಿ ಅಭ್ಯಾಸವಾದವರ ಶ್ರುತಿ, ಲಯ ಎರಡನ್ನೂ ಟ್ರ್ಯಾಕ್ ಹೊತ್ತಿರುತ್ತದೆ. ಟ್ರ್ಯಾಕ್ ಇಲ್ಲದ ಕೋಣೆಯಲ್ಲಿ ಗಾಬರಿಗೆ ಪಲ್ಲವಿಯನ್ನೇ ಹಾರ್ಮೋನಿಯಂ ಲೆಕ್ಕದಲ್ಲಿ ಒಂದೆರಡು ಮನೆ (ಕೀ) ಮೇಲಕ್ಕೆ ಎತ್ತಿಕೊಳ್ಳುತ್ತಾರೆ. ಚರಣದ ತಾರಸ್ಥಾಯಿ (ಎತ್ತರದ ಸ್ವರಗಳು) ಬಂದಾಗ ಗಂಟಲು ಬಿಗಿದು ಸ್ವರ ಕೆಳಗೇ ಉಳಿಯುತ್ತದೆ. ಇದಕ್ಕೆ ಮದ್ದು ಸುಲಭ. ಹಾಡಿನ ಅತಿ ಎತ್ತರದ ಸ್ವರ ಆಯಾಸವಿಲ್ಲದೆ ನಿಲ್ಲುವ ಮನೆಯನ್ನು ಹಾರ್ಮೋನಿಯಂನಲ್ಲಿ ಗುರುತಿಸಿ, ಅಲ್ಲಿಂದ ನಿಮ್ಮ ಷಡ್ಜ, ಅಂದರೆ ಆಧಾರದ ‘ಸ’, ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಒಳಗೆ ಹೋಗುವ ಮುನ್ನ ಮೊಬೈಲ್ ತಂಬೂರಿಯನ್ನು ಇಯರ್‌ಫೋನಿನಲ್ಲಿ ಕೇಳಿ, ಆ ‘ಸ’ವನ್ನು ಬಾಯಿ ಮುಚ್ಚಿ ಗುನುಗಿಕೊಂಡೇ ಬಾಗಿಲು ದಾಟಿ. ಮನೆಯಲ್ಲಿ ಹಾಡಿ ರೆಕಾರ್ಡ್ ಮಾಡಿ, ಕೊನೆಯ ಸಾಲು ಮುಗಿದ ತಕ್ಷಣ ತಂಬೂರಿ ಹಚ್ಚಿ ನೋಡಿ. ಶುರು ಮಾಡಿದ ಶ್ರುತಿಯಲ್ಲೇ ಮುಗಿದಿದ್ದರೆ ತಯಾರಿ ಆಯಿತು.

ಹಾಡಿನ ಆಯ್ಕೆಯಲ್ಲೂ ಸಮಯದ ಲೆಕ್ಕವಿದೆ. ನಿಧಾನವಾಗಿ ಅರಳುವ ಹಾಡು ಅರಳುವಷ್ಟರಲ್ಲಿ ಅವಕಾಶ ಮುಗಿದಿರುತ್ತದೆ. ಬಿಜಿಎಂ (ಹಿನ್ನೆಲೆ ಸಂಗೀತ) ಬರುವ ಜಾಗದಲ್ಲಿ ‘ಲಲಲ’ ಎಂದು ತುಂಬಿಸದೆ ಪಲ್ಲವಿಯಿಂದ ನೇರ ಚರಣಕ್ಕೆ ಹೋಗಿ. ಇಷ್ಟವಾದರೆ ‘ಬೇರೆ ಏನಾದ್ರೂ?’ ಎಂದು ಕೇಳುತ್ತಾರೆ. ಆಗ ಮತ್ತೊಂದು ಸಿನಿಮಾ ಮೆಲೊಡಿ ತೆಗೆದರೆ ಏನೂ ಹೊಸದಾಗಿ ತೋರಿಸಿದಂತಾಗದು. ಜಾನಪದ, ವಚನ, ಭಾವಗೀತೆ, ಯಾವುದಾದರೂ ಬೇರೆ ಜಾತಿಯ ಹಾಡು ಕೈಯಲ್ಲಿರಲಿ. ರಾಜ್‌ಕುಮಾರ್ ಹಾಡನ್ನು ಅವರದೇ ಮೂಗಿನ ನಾದದಲ್ಲಿ ಹಾಡುವುದು ಊರಿನ ಆರ್ಕೆಸ್ಟ್ರಾದಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ಇಲ್ಲಿ ಅನುಕರಣೆ ಎನಿಸಿಕೊಂಡು ಹೊರಗೆ ಬೀಳುತ್ತದೆ. ಅಕಾರ-ಹಕಾರ, ಮಹಾಪ್ರಾಣ ತಪ್ಪಿದರೂ ಅಷ್ಟೇ.

ಸಾಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ಅಕ್ಕಪಕ್ಕದವರಿಗೆ ಹಾಡಿ ತೋರಿಸುವ ಹುಮ್ಮಸ್ಸಿನಲ್ಲೇ ಎಷ್ಟೋ ಗಂಟಲು ಟೋಕನ್ ಬರುವ ಮುಂಚೆ ದಣಿದಿರುತ್ತವೆ. ಬಿಸಿನೀರಿನ ಬಾಟಲಿ, ಲಘು ತಿಂಡಿ, ಗುರುತಿನ ಚೀಟಿ, ಫೋಟೊ ಸಾಕು. ಆಡಿಷನ್‌ಗೆ ಶುಲ್ಕವಿಲ್ಲ. ‘ನೇರ ಮೆಗಾ ಆಡಿಷನ್‌ಗೆ (ಮುಂದಿನ ದೊಡ್ಡ ಸುತ್ತಿಗೆ) ಕಳಿಸ್ತೀವಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ದುಡ್ಡು ಕೇಳಿದವನು ಕಳ್ಳ.

ಹಾಡಿನ ಜತೆಗೆ ಮನೆ, ಕಸುಬು, ಕಷ್ಟಸುಖವನ್ನೂ ಕೇಳುತ್ತಾರೆ. ಅದೇ ಮುಂದೆ ವಿಟಿ, ಅಂದರೆ ಸ್ಪರ್ಧಿಯ ಪರಿಚಯದ ವಿಡಿಯೊ ಆಗಿ ಪರದೆಗೆ ಬರುತ್ತದೆ. ತಂಡ ಒಂದೇ ಬಗೆಯ ಹತ್ತು ಒಳ್ಳೆಯ ಕಂಠಗಳನ್ನು ತುಂಬಿಕೊಳ್ಳುವುದಿಲ್ಲ, ವೈವಿಧ್ಯ ಹುಡುಕುತ್ತದೆ. ಉದಾಹರಣೆಗೆ, 15ನೇ ಸೀಸನ್ ಗೆದ್ದವರು ಕೀರ್ತನ್ ಹೊಳ್ಳ. ಅದೇ ಸೀಸನ್ನಿನ ರನ್ನರ್ ಅಪ್, ಕುರಿ ಕಾಯುತ್ತ ಜಾನಪದ ಹಾಡುತ್ತಿದ್ದ ಹಾವೇರಿ ಜಿಲ್ಲೆಯ ಹನುಮಂತ, 2025ರ ಜನವರಿಯಲ್ಲಿ ಬಿಗ್ ಬಾಸ್ ಕೂಡ ಗೆದ್ದರು. ನಿಮ್ಮ ಮನೆಯ ಸಂಕಟ ಟಿ.ವಿ.ಗೆ ಬರುವುದು ಬೇಡವಾದರೆ ಆರಂಭದಲ್ಲೇ ಹೇಳಿ. ಶೂಟ್ ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಆಯ್ಕೆಯಾದವರ ಮುಂದೆ ಒಪ್ಪಂದಪತ್ರ ಬರುತ್ತದೆ. ಬೇರೆ ಚಾನೆಲ್, ಹೊರಗಿನ ಕಾರ್ಯಕ್ರಮ, ಸ್ವಂತ ಯೂಟ್ಯೂಬ್ ಮೇಲೆ ಎಷ್ಟು ಕಾಲದ ನಿರ್ಬಂಧವಿದೆ, ಪ್ರಯಾಣ ಮತ್ತು ವಸತಿ ಖರ್ಚು ಯಾರದು, ಈ ಎರಡನ್ನು ಓದದೆ ಸಹಿ ಹಾಕಬೇಡಿ. ಮದುವೆ-ಆರ್ಕೆಸ್ಟ್ರಾ ಹಾಡಿ ಸಂಸಾರ ನಡೆಸುವವರಿಗೆ ಮೊದಲನೆಯದೇ ನಿರ್ಣಾಯಕ.

ಹದಿನಾಲ್ಕರೊಳಗಿನ ಮಕ್ಕಳ ವಿಷಯದಲ್ಲಿ ಕಾನೂನು ಪೋಷಕರ ಪರ ಇದೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವಿನ ಕೆಲಸ ದಿನಕ್ಕೆ 5 ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ನಡೆಸುವಂತಿಲ್ಲ. ಜಿಲ್ಲಾಧಿಕಾರಿಗಳ ಅನುಮತಿ ಪಡೆಯಬೇಕಾದವರು ನಿರ್ಮಾಪಕರು. ಗಳಿಕೆಯ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಬೇಕು. ಅನುಮತಿ ಪತ್ರದ ಪ್ರತಿ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಮಗುವನ್ನು ಕರೆದುಕೊಂಡು ಮನೆಗೆ ಬನ್ನಿ.