ಮಣ್ಣಗುಡ್ಡವೋ, ಜೆಪ್ಪುವೋ? ಎರಡೂ ಕಡೆ ಒಂದೊಂದು ಮಳೆಗಾಲ ಇದ್ದು ನೋಡಿದೆವು

ಮಂಗಳೂರಲ್ಲಿ ಸ್ವಂತ ಮನೆ ಮಾಡುವ ಮೊದಲು ನಾವು ಎರಡು ಕಡೆ ಬಾಡಿಗೆಗೆ ಇದ್ದೆವು. ಮೊದಲು ಮಣ್ಣಗುಡ್ಡ, ಆಮೇಲೆ ಜೆಪ್ಪುವಿನ ಮೋರ್ಗನ್ಸ್‌ಗೇಟ್ ಹತ್ತಿರ. ಬೇಕೆಂದೇ ಎರಡೂ ಕಡೆ ಮಳೆಗಾಲ ಪೂರ್ತಿ ಕಳೆದೆವು. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಜನವರಿ ಬಿಸಿಲಲ್ಲಿ ಬ್ರೋಕರ್ ಜೊತೆ ಹೋಗಿ ನೋಡಿದರೆ ಎಲ್ಲಾ ಓಣಿಯೂ ಚೆಂದವೇ ಕಾಣುತ್ತದೆ, ಅಲ್ವಾ?

ಮಣ್ಣಗುಡ್ಡದಲ್ಲಿ ಅನುಕೂಲ ಜಾಸ್ತಿ. ಉರ್ವ ಮಾರ್ಕೆಟ್, ಲೇಡಿಹಿಲ್ ಎಲ್ಲಾ ನಡೆದು ಹೋಗುವಷ್ಟು ದೂರ. ಬಸ್ಸಿಗೆ ಕಾಯಬೇಕಾಗಿಲ್ಲ. ಆದರೆ ನಮ್ಮ ಅಡ್ಡರಸ್ತೆಯಲ್ಲಿ ಹಳೇ ಹಂಚಿನ ಮನೆ ಒಂದೊಂದೇ ಕೆಡವಿ ಫ್ಲ್ಯಾಟ್ ಎಬ್ಬಿಸಿದ್ದಾರೆ. ರಸ್ತೆ ಮಾತ್ರ ಮೊದಲಿದ್ದಷ್ಟೇ ಅಗಲ. ಎದುರುಬದುರು ಎರಡು ಕಾರು ಬಂದರೆ ಒಬ್ಬರು ರಿವರ್ಸ್ ಹೋಗಲೇಬೇಕು. ತುಂಬೆ ಅಣೆಕಟ್ಟಿನ ನೀರು ಏಪ್ರಿಲ್-ಮೇಯಲ್ಲಿ ಸಾಲದೆ ಟ್ಯಾಂಕರ್ ಬರುತ್ತಿತ್ತು. ಅದು ನಿಂತರೆ ಓಣಿಯೇ ಬಂದ್. ಅಲ್ಲಿ ನಮಗೆ ಸಿಗುತ್ತಿದ್ದದ್ದು ಫ್ಲ್ಯಾಟ್ ಮಾತ್ರ. ಕಾಲ ಕೆಳಗೆ ಸ್ವಂತ ಮಣ್ಣಿಲ್ಲ ಅನ್ನುವುದು ನನಗೆ ಸರಿಬರಲಿಲ್ಲ.

ಜೆಪ್ಪು ಬೇರೆ ಥರ. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರು ಮಾಡಿದ ಜಾಗ ಇದು. ಇವತ್ತಿಗೂ ಓಣಿಗಳಲ್ಲಿ ಹಂಚಿನ ಮಾಡು, ಪಾಚಿ ಹಿಡಿದ ಕೆಂಪುಕಲ್ಲಿನ ಪಾಗಾರ, ಹಿತ್ತಿಲಲ್ಲಿ ಬಾವಿ ಇದೆ. ರಸ್ತೆ ಇಳಿಜಾರು, ಕಿರಿದು. ನವರಾತ್ರಿಗೆ ಮಂಗಳಾದೇವಿ ರಥ ಮಾರ್ನಮಿಕಟ್ಟೆಗೆ ಹೊರಟಾಗ ಸ್ಕೂಟರ್ ಕೂಡ ತೆಗೆಯುವ ಹಾಗಿಲ್ಲ. ನಾವು ರಥ ನೋಡಲು ಹೋಗುವವರೇ ಆದ್ದರಿಂದ ಅದು ತೊಂದರೆ ಅನ್ನಿಸಲಿಲ್ಲ.

ನಿಜವಾದ ತೊಂದರೆ ಗೊತ್ತಾದದ್ದು ಜುಲೈಯಲ್ಲಿ. ರಾತ್ರಿಯಿಡೀ ಮಳೆ ಹೊಡೆದು ಕೆಳಗಿನ ತೋಡು ಉಕ್ಕಿತು. ಬೆಳಿಗ್ಗೆ ಇಳಿದು ಹೋದರೆ, ಓಣಿಯ ಕೊನೆ ಮನೆಯ ಬಾಯಮ್ಮ ಹಿಡಿಸೂಡಿಯಲ್ಲಿ ಕೆಸರು ನೂಕುತ್ತಿದ್ದರು. ಬಾಗಿಲ ಪಕ್ಕದ ಗೋಡೆ ತೋರಿಸಿದರು. ಮೊಣಕಾಲೆತ್ತರಕ್ಕೆ ಒಂದು ಕೆಂಪು ಗೆರೆ, ಅದರ ಕೆಳಗೆ ಇನ್ನೆರಡು ಮಾಸಿದ ಗೆರೆಗಳು. "ಸುಣ್ಣ ಹೊಡೆದ್ರೆ ಇದು ಕಾಣೋದಿಲ್ಲ ಮಗಾ. ಮನೆ ನೋಡುವಾಗ ಕೆಳಗಿಂದ ನೋಡು" ಅಂದರು. ನಮ್ಮ ಬಾಡಿಗೆ ಮನೆ ಇದ್ದದ್ದು ಇಳಿಜಾರಿನ ಅರ್ಧದಲ್ಲಿ. ಅಲ್ಲಿ ಅಂಗಳದಲ್ಲೂ ನೀರು ನಿಂತಿರಲಿಲ್ಲ. ಒಂದೇ ಓಣಿ, ನಡುವೆ ಐವತ್ತು ಹೆಜ್ಜೆ ಅಷ್ಟೆ.

ಇನ್ನು ದಾಖಲೆ. ಜೆಪ್ಪುವಿನಲ್ಲಿ ಮೊದಲು ಮನಸ್ಸಿಗೆ ಬಂದದ್ದು ಆರು ಸೆಂಟ್ಸ್ ಜಾಗ, ಹಳೇ ಮನೆ. ರೇಟು ಕಡಿಮೆ ಯಾಕೆ ಅಂತ ಪತ್ರ ನೋಡಿದ ವಕೀಲರು ಹೇಳಿದರು: ಅದು ಮೂಲಗೇಣಿ. ಅಂದರೆ ಹಿಂದೆ ಧಣಿಗಳು ಶಾಶ್ವತ ಗೇಣಿಗೆ ಕೊಟ್ಟ ನೆಲ. ಮನೆ ನಮ್ಮದಾದರೂ ನೆಲದ ಒಡೆತನ ಧಣಿಯ ಮನೆತನದ್ದು. ಹೀಗೆ ಗೇಣಿಗೆ ಇರುವವರಿಗೆ ಒಡೆತನ ಕೊಡಲು 2011ರ ಕಾಯ್ದೆ ಇದೆ. ಆದರೆ ನಾವು ಕೇಳಿದ ಬ್ಯಾಂಕು ಈ ಪತ್ರಕ್ಕೆ ಸಾಲ ಕೊಡಲು ಒಪ್ಪಲಿಲ್ಲ. ಮಂಗಳೂರಿನ ಹಳೇ ಭಾಗದಲ್ಲಿ ಜಾಗ ನೋಡುವವರು ಅಡ್ವಾನ್ಸ್ ಕೊಡುವ ಮೊದಲೇ "ವರ್ಗವೋ, ಮೂಲಗೇಣಿಯೋ?" ಅಂತ ದಯವಿಟ್ಟು ಕೇಳಿ (ವರ್ಗ ಅಂದರೆ ನೆಲದ ಒಡೆತನವೂ ಸೇರಿ ಸಿಗುವ ಜಾಗ). ನಾವು ಕೇಳದೆ ಎರಡು ತಿಂಗಳು ಸುಮ್ನೆ ಹೋಯಿತು.

ಕೊನೆಗೆ ಅದೇ ಓಣಿಯ ಮೇಲ್ಭಾಗದಲ್ಲಿ ಐದು ಸೆಂಟ್ಸ್ ವರ್ಗ ಜಾಗ ಸಿಕ್ಕಿತು. ಚದರಡಿ ಲೆಕ್ಕದಲ್ಲಿ 2,178. ರೇಟು ಜಾಸ್ತಿಯೇ ಆಯಿತು, ಕಾರು ಮನೆವರೆಗೆ ಬರುವುದಿಲ್ಲ. ಆದರೂ ಮಣ್ಣಗುಡ್ಡದ ಫ್ಲ್ಯಾಟ್ ಬಿಟ್ಟದ್ದಕ್ಕೆ ಬೇಸರವಿಲ್ಲ. ಮೇ ಕೊನೆಯಲ್ಲೂ ಬಾವಿಯಲ್ಲಿ ನಾಲ್ಕು ರಿಂಗ್ ನೀರಿತ್ತು. ಬಾಯಮ್ಮ ಬಂದು ಮೊದಲ ಕೊಡ ಎಳೆದರು.